ಗಜೇಂದ್ರಗಡದಿಂದ ನರಗುಂದಕ್ಕೆ ಒಂದು ವ್ಯಾಟ್

ಬೆಳಗಿನ ಒಂಬತ್ತು ಗಂಟೆಗೆ ನನಗೆ ಕೆಲಸವಿಲ್ಲದಂತಾಗಿ ನಾಲ್ಕು ತಿಂಗಳಾಗಿತ್ತು. ಅದಕ್ಕೆ ಮುಂಚೆ ಹನ್ನೊಂದು ವರ್ಷ ನಾನು ಆ ಹೊತ್ತಿಗೆ ಗಜೇಂದ್ರಗಡದ ನನ್ನ ಮನೆಯಲ್ಲಿ ರೇಡಿಯೋ ಸೆಟ್ಟಿನ ಮುಂದೆ ಕುಳಿತು ಮೋರ್ಸ್ ಕೀಲಿಯ ಮೇಲೆ ಕೈ ಇಡುತ್ತಿದ್ದೆ. ನರಗುಂದದಲ್ಲಿ ನನ್ನ ಗೆಳೆಯ ತನ್ನ ಕೀಲಿಯ ಮೇಲೆ ಕೈ ಇಡುತ್ತಿದ್ದ. ಇಬ್ಬರೂ ಸೈನ್ಯದ ಒಂದೇ ತುಕಡಿಯಲ್ಲಿ ವೈರ್‌ಲೆಸ್ ಕಲಿತವರು, ನಿವೃತ್ತರಾದ ಮೇಲೆ ಹವ್ಯಾಸಿ ರೇಡಿಯೋ ಪರವಾನಗಿ ಪಡೆದವರು. ಅರ್ಧ ಗಂಟೆ ಮಾತು: ಮಳೆ, ಮೊಣಕಾಲು ನೋವು, ಹಳೆಯ ಅಧಿಕಾರಿಗಳ ಮೇಲಿನ ಸಿಟ್ಟು. ಒಂಬತ್ತೂವರೆಗೆ ಮುಕ್ತಾಯ. ನಾನು ಒಬ್ಬನೇ ಇರುವವನು. ಆ ಅರ್ಧ ಗಂಟೆಯನ್ನು ಬಿಟ್ಟರೆ ಎಷ್ಟೋ ದಿನ ನಾನು ಇನ್ನೊಬ್ಬರೊಂದಿಗೆ ಆಡಿದ ಮಾತೆಂದರೆ ಅಂಗಡಿಯಲ್ಲಿ ಕೇಳಿದ ಸಾಮಾನಿನ ಹೆಸರುಗಳಷ್ಟೇ.

ಗೆಳೆಯನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಎಡಗೈಗೆ ಕೀಲಿ ಕೊಟ್ಟು ನೋಡಿದೆವು. ಚುಕ್ಕಿಗಳ ಒಂದು ಸಾಲು ಬಂತು, ಅಷ್ಟೆ. ಡಾಕ್ಟರು ವಿವರಿಸಿದರು: ಪೆಟ್ಟು ಬಿದ್ದಿರುವುದು ನಾಲಿಗೆಗಲ್ಲ, ಪದ ಕಟ್ಟುವ ಜಾಗಕ್ಕೆ. ಬರೆಯುವುದೂ ಅಷ್ಟೇ, ಮೋರ್ಸ್ ಕೂಡ ಅಷ್ಟೇ. ಕೇಳಿದ್ದು ಅರ್ಥವಾಗುತ್ತದೆ, ಹೇಳಲು ಬರುವುದಿಲ್ಲ.

ನಾಲ್ಕನೆಯ ತಿಂಗಳಲ್ಲಿ ನಾನು ನರಗುಂದಕ್ಕೆ ಹೋದಾಗ ಅವನು ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಅವನ ಹೆಂಡತಿ ನನ್ನನ್ನು ಬಾಗಿಲಾಚೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ಅಣ್ಣಾರ, ಮಾಳಗಿ ಮ್ಯಾಲಿನ ಆ ರೇಡಿಯೋ ತಂತಿ ಬಿಚ್ಚಿಸಿಬಿಡ್ತೀನ್ರಿ. ಅದನ್ನ ನೋಡಬಾರದಂತ ಆ ಕಡೆ ಮಾರಿ ಮಾಡ್ಕೊಂಡು ಕುಂದರ್ತಾರ. ಕಾಲಿನ ವ್ಯಾಯಾಮ ಮಾಡ್ಸಾಕ ಬರೋರು ಬಂದ್ರ ಕಣ್ಣ ಮುಚ್ಚಿಬಿಡ್ತಾರ್ರಿ."

"ಮುಂದಿನ ಅಮಾಸಿತನಕ ತಡಿ, ತಂಗೆವ್ವ," ಎಂದೆ.

"ಅಷ್ಟರಾಗ ಏನ ಆಗತೈತ್ರಿ?"

ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಓದಿದ ಒಂದು ಪುಟ ಮಾತ್ರ ತಲೆಯಲ್ಲಿತ್ತು.

ಅದು ೨೦೦೯ರ ಮಳೆಗಾಲದ ಕೊನೆ. ಕಡಿಮೆ ಶಕ್ತಿಯ ಸಂಕೇತಗಳು ಎಷ್ಟು ದೂರ ಹೋಗುತ್ತವೆ ಎಂದು ಪರೀಕ್ಷಿಸಲು ಒಂದು ತಂತ್ರಾಂಶ ಬಂದು ಸ್ವಲ್ಪ ಕಾಲವಾಗಿತ್ತು. ಹೆಸರು ವಿಸ್ಪರ್, ಅಂದರೆ ಪಿಸುಮಾತು. ಕಂಪ್ಯೂಟರು ತಾನೇ ನಮ್ಮ ಸೆಟ್ಟಿನ ಮೂಲಕ ಸುಮಾರು ಎರಡು ನಿಮಿಷದ ಒಂದು ಸಣ್ಣ ರಾಗ ಕಳಿಸುತ್ತದೆ. ಅದರಲ್ಲಿರುವುದು ಮೂರೇ ಸಂಗತಿ: ಕರೆಗುರುತು, ಊರಿನ ಸ್ಥಾನ, ಎಷ್ಟು ಶಕ್ತಿಯಲ್ಲಿ ಕಳಿಸುತ್ತಿದ್ದೇವೆ ಎಂಬ ಸಂಖ್ಯೆ. ಮನುಷ್ಯನ ಕಿವಿಗೆ ಗದ್ದಲವಷ್ಟೇ ಕೇಳುವಾಗಲೂ ಆ ಕಡೆಯ ಕಂಪ್ಯೂಟರು ಅದನ್ನು ಹೆಕ್ಕಿ ಒಂದು ಸಾಲು ಬರೆಯುತ್ತದೆ. ಪದ ಕಟ್ಟಬೇಕಿಲ್ಲ. ಗೆಳೆಯನಿಗೆ ಒಗ್ಗುವುದಾದರೆ ಇದೊಂದೇ ಎನಿಸಿತು.

ಕೆಲಸವನ್ನು ಹಂತಗಳಾಗಿ ವಿಂಗಡಿಸಿಕೊಂಡೆ. ಸೈಬರ್ ಅಂಗಡಿಯಲ್ಲಿ ತಂತ್ರಾಂಶ ಇಳಿಸಿ, ಕೈಪಿಡಿ ಮುದ್ರಿಸಿ ತಂದು, ಪೆನ್ಸಿಲ್ ಹಿಡಿದು ಎರಡು ಸಲ ಓದಿದೆ. ಮುಂದೆ ಬೇಕಾದದ್ದು ಕಂಪ್ಯೂಟರನ್ನು ಸೆಟ್ಟಿಗೆ ಜೋಡಿಸುವ ಕೇಬಲ್. ಅದಕ್ಕೆ ರೋಣದಲ್ಲಿ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿರುವ ಸಾಹೇಬರ ಬಳಿ ಹೋದೆ. ಅವರ ತಂದೆಯ ಕಾಲದಿಂದ ಅದೇ ಅಂಗಡಿ. ಕಂಪ್ಯೂಟರಿನ ಧ್ವನಿ ಸೆಟ್ಟಿಗೆ ಹೋಗುವ ದಾರಿಯಲ್ಲಿ ಗುಂಯ್‌ಗುಡುವಿಕೆ ಸೇರದಂತೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಸೆಟ್ಟನ್ನು ಕಂಪ್ಯೂಟರೇ ಕಳಿಸುವ ಸ್ಥಿತಿಗೆ ತರಲು ಒಂದು ಟ್ರಾನ್ಸಿಸ್ಟರ್. ಜತೆಗೆ ಸೆಟ್ಟಿನ ಶಕ್ತಿಯನ್ನು ಒಂದು ವ್ಯಾಟಿಗೆ ಇಳಿಸಬೇಕು. ಎಲ್ಲವೂ ಎರಡೆರಡು.

ಸಾಹೇಬರು ಕನ್ನಡಕ ಹಣೆಗೇರಿಸಿದರು. "ಫೌಜಿ ಸಾಹೇಬ್ರ, ಇಡೀ ರೋಣ ತಾಲೂಕ ಆವಾಜ್ ಏರ್ಸ್ರಿ ಏರ್ಸ್ರಿ ಅಂತ ನನ್ನ ಕಡೆ ಬರತೈತಿ. ಇಳಸ್ರಿ ಅಂತ ಬಂದೋರು ನೀವ ಮೊದಲನೇರು."

"ಒಂದ ವ್ಯಾಟ್ ಸಾಕು."

"ಒಂದ ವ್ಯಾಟಿನಾಗ ನನ್ನ ಹೆಂಡ್ತಿ ಅಡಗಿಮನಿಯಿಂದ ಕರದ್ರ ನನಗ ಕೇಳೂದಿಲ್ಲ."

"ನಿಮಗ ಹತ್ತ ವ್ಯಾಟಿನಾಗ ಕರದ್ರೂ ಕೇಳೂದಿಲ್ಲ ಬಿಡ್ರಿ," ಎಂದೆ. ಅವರು ನಕ್ಕರು. ಹೇಳಿದ ದಿನಕ್ಕೆ, ಹೇಳಿದ ಗಂಟೆಗೆ ಎರಡೂ ಕೇಬಲ್ ಸಿದ್ಧವಾಗಿದ್ದವು.

ಮೊದಲ ತೊಂದರೆ ನನ್ನ ಮನೆಯಲ್ಲೇ ಬಂತು. ಸೆಟ್ಟು ಕಳಿಸಲು ಶುರು ಮಾಡಿದ ಕೂಡಲೇ ಕಂಪ್ಯೂಟರಿನ ಮೌಸ್ ಮರಗಟ್ಟುತ್ತಿತ್ತು. ಕೇಬಲ್ಲಿನ ಗುಂಟ ರೇಡಿಯೋ ತರಂಗ ಹಿಂದಕ್ಕೆ ನುಗ್ಗುತ್ತಿತ್ತು. ಹಳೆಯ ಟೀವಿಯೊಂದರಿಂದ, ಇಂಥ ತರಂಗವನ್ನು ತಡೆಯುವ ಫೆರೈಟ್ ಬಳೆಯನ್ನು ಬಿಚ್ಚಿ ಕೇಬಲ್ಲನ್ನು ಅದಕ್ಕೆ ಏಳು ಸುತ್ತು ಸುತ್ತಿದೆ. ನಿಂತಿತು. ಧ್ವನಿಯ ಮಟ್ಟ ಹೆಚ್ಚಾದರೆ ಸಂಕೇತ ಒಡೆದು ಅಕ್ಕಪಕ್ಕಕ್ಕೆ ಚೆಲ್ಲುತ್ತದೆ. ಅದನ್ನು ಕೂದಲೆಳೆಯಷ್ಟು ಇಳಿಸಿ ಗುಂಡಿಯ ಮೇಲೆ ಬಿಳಿ ಬಣ್ಣದ ಗುರುತು ಹಾಕಿದೆ. ಆಂಟೆನಾ ತಂತಿಯನ್ನೂ ಕೆಳಗಿಳಿಸಿ ಆಳೆತ್ತರಕ್ಕಿಂತ ತುಸು ಮೇಲೆ ಕಟ್ಟಿದೆ. ದೂರಕ್ಕೆ ಹೋಗಬೇಕಾದರೆ ತಂತಿ ಎತ್ತರ ಬೇಕು. ನಮಗೆ ಬೇಕಾದದ್ದು ನೆಟ್ಟಗೆ ಮೇಲಕ್ಕೆ ಹೋಗಿ ನರಗುಂದದ ಮೇಲೆ ಬೀಳುವ ತರಂಗ. ನಲವತ್ತು ಮೀಟರಿನ ತರಂಗವನ್ನು ಬೆಳಗಿನ ಬಿಸಿಲೇರಿದ ಮೇಲೆ ಆಕಾಶ ಹಾಗೆ ಹಿಂದಿರುಗಿಸುತ್ತದೆ. ಆದ್ದರಿಂದ ವೇಳೆ ಒಂಬತ್ತರಿಂದ ಹತ್ತು.

ಒಂದು ವಿಷಯದಲ್ಲಿ ಕೈಪಿಡಿಯ ಮಾತನ್ನು ನಾನು ಕೇಳಲಿಲ್ಲ. ಈ ಪದ್ಧತಿಯಲ್ಲಿ ಸಮಯವನ್ನು ಎರಡೆರಡು ನಿಮಿಷದ ತುಂಡುಗಳಾಗಿ ಕತ್ತರಿಸಿರುತ್ತಾರೆ. ಯಾವ ತುಂಡಿನಲ್ಲಿ ಕಳಿಸಬೇಕು, ಯಾವುದರಲ್ಲಿ ಕೇಳಬೇಕು ಎಂಬುದನ್ನು ಕಂಪ್ಯೂಟರೇ ದಾಳ ಉರುಳಿಸಿದಂತೆ ಆರಿಸಿಕೊಳ್ಳಲಿ, ನಾಲ್ಕರಲ್ಲಿ ಒಂದು ಪಾಲು ಕಳಿಸಿದರೆ ಸಾಕು ಎಂದು ಕೈಪಿಡಿ ಹೇಳುತ್ತಿತ್ತು. ನಾನು ಆ ಸಾಲನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿದೆ. ಸಂದೇಶವನ್ನು ಅದೃಷ್ಟಕ್ಕೆ ಬಿಡುವುದು ನಮಗೆ ಕಲಿಸಿದ ರೀತಿಯಲ್ಲ. ದಾಳದ ಪಾಲನ್ನು ಸೊನ್ನೆ ಮಾಡಿ, 'ಮುಂದಿನ ಸಲ ಕಳಿಸು' ಎಂಬ ಗುಂಡಿಯನ್ನು ಕೈಯಿಂದಲೇ ಒತ್ತುವ ವೇಳಾಪಟ್ಟಿ ಬರೆದೆ: ಒಂಬತ್ತು ಗಂಟೆಗೆ ನಾನು, ಒಂಬತ್ತು ಹತ್ತಕ್ಕೆ ಅವನು, ಇಪ್ಪತ್ತಕ್ಕೆ ನಾನು, ಮೂವತ್ತಕ್ಕೆ ಅವನು.

ಗೆಳೆಯನಿಗೆಂದು ಕೊಂಡ ಹಳೆಯ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ, ರೋಣದಲ್ಲಿ ಬಸ್ಸು ಬದಲಿಸಿ ನರಗುಂದಕ್ಕೆ ಒಯ್ದೆ. ಗೆಳೆಯ ಮೊದಲು ಆ ಕಡೆ ತಿರುಗಲೇ ಇಲ್ಲ. ನಾನು ನನ್ನಷ್ಟಕ್ಕೆ ಕೇಬಲ್ ಸಿಕ್ಕಿಸುತ್ತ, ಪ್ರತಿ ಹಂತವನ್ನೂ ಜೋರಾಗಿ ಹೇಳುತ್ತ ಹೋದೆ, ತರಬೇತಿಯಲ್ಲಿ ಹೇಳುತ್ತಿದ್ದ ಹಾಗೆ. ಬೇಕೆಂದೇ ಒಂದು ಪಿನ್ನನ್ನು ತಪ್ಪು ಕಿಂಡಿಗೆ ಒಯ್ದೆ. ಅವನು ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದ.

ಅಂದು ಸಂಜೆ ಹೊರಡುವ ಮುಂಚೆ, ಅಂಕಿಯ ಬದಲು ಗಡಿಯಾರದ ಮುಳ್ಳುಗಳನ್ನು ಬರೆದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ, ಒಂದು ದಿನಚರಿ ಪುಸ್ತಕ ಕೊಟ್ಟೆ. ಬರೆಯಲು ಬಾರದಿದ್ದರೂ ನಮ್ಮ ತುಕಡಿಯ ಹಳೆಯ ಗುರುತು ಅವನಿಗೆ ಗೊತ್ತಿತ್ತು: ಕಳಿಸಿದರೆ ಒಂದು ನಿಂತ ಗೆರೆ, ಬರೀ ಕೇಳಿದರೆ ಒಂದು ಸೊನ್ನೆ.

ಮಾರನೆಯ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ನನ್ನ ಪರದೆ ಖಾಲಿ. ಮೂವತ್ತಕ್ಕೂ ಖಾಲಿ. ಮೂರು ದಿನ ಹಾಗೇ ಹೋಯಿತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಎರಡೂ ಕಂಪ್ಯೂಟರಿನ ಗಡಿಯಾರಗಳ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಈ ಪದ್ಧತಿ ನಡೆಯುವುದಿಲ್ಲ. ನನ್ನಲ್ಲಿ ಫೋನಿನ ನಿಧಾನದ ಇಂಟರ್ನೆಟ್ ಇತ್ತು, ಗಡಿಯಾರ ತಾನೇ ಸರಿಹೋಗುತ್ತಿತ್ತು. ನರಗುಂದದ್ದು ದಿನಕ್ಕೆ ಮೂರು ಸೆಕೆಂಡು ಹಿಂದೆ ಬೀಳುತ್ತಿತ್ತು. ಗೆಳೆಯನ ಹೆಂಡತಿಗೆ ಫೋನು ಮಾಡಿದೆ.

"ದಿನಾ ಮುಂಜಾನಿ ಎಂಟಕ್ಕ ರೇಡಿಯೋದಾಗ ವಾರ್ತಾಕ್ಕ ಮೊದಲ ಪೀಂ ಪೀಂ ಅಂತ ಬರತೈತಲ್ಲ, ಅದರ ಕಡೀ ಪೀಂಗೆ ಸರಿಯಾಗಿ ಕಂಪ್ಯೂಟರಿನ ಗಡಿಯಾರದ ಗುಂಡಿ ಒತ್ತಬೇಕು ತಂಗೆವ್ವ."

"ಅದ ಹೊತ್ತಿಗೆ ಹಾಲ ಉಕ್ಕತೈತ್ರಿ ಅಣ್ಣಾರ."

"ಹಾಲು ಎಂಟೂ ಹತ್ತಕ್ಕ ಇಡು."

"ನಿಮ್ಮ ಗಡಿಯಾರಕ್ಕ ನನ್ನ ಎಮ್ಮಿ ಕೇಳಬೇಕಲ್ರಿ," ಎಂದಳು. ಆದರೂ ಒಪ್ಪಿಕೊಂಡಳು. ಮೂರನೆಯ ದಿನಕ್ಕೆ ಅವಳ ಕೈ ಪಳಗಿತು. ಫೋನಿನಲ್ಲಿ ಅವಳಿಂದ ಸಮಯ ಹೇಳಿಸಿ ನನ್ನದರೊಂದಿಗೆ ತಾಳೆ ನೋಡಿದೆ. ಸರಿಯಾಗಿತ್ತು.

ಆದರೂ ಪರದೆ ಖಾಲಿಯೇ ಇತ್ತು.

ಆ ಮೇಲಿನ ಎರಡು ವಾರ ನನ್ನ ಪಾಲಿಗೆ ಕೆಟ್ಟವು. ಒಂಬತ್ತಕ್ಕೆ ಕುಳಿತು ಹತ್ತಕ್ಕೆ ಏಳುತ್ತಿದ್ದೆ. ಪ್ರತಿ ಎರಡು ನಿಮಿಷಕ್ಕೆ ಕಂಪ್ಯೂಟರು ತಾನು ಕೇಳಿದ್ದನ್ನು ಲೆಕ್ಕ ಹಾಕಿ, ಏನೂ ಸಿಗದೆ, ಮತ್ತೆ ಕೇಳಲು ಶುರು ಮಾಡುತ್ತಿತ್ತು. ಅಂತರ್ಜಾಲದಲ್ಲಿ ಈ ಪ್ರಯೋಗ ಮಾಡುವವರ ಭೂಪಟವಿತ್ತು. ಯುರೋಪಿನಲ್ಲಿ ಚುಕ್ಕಿಗಳು ಜೋಳದ ಕಾಳಿನಂತೆ ಚೆಲ್ಲಿದ್ದವು. ಆ ಹೊತ್ತಿಗೆ ಈ ಕಡೆ ನನ್ನದೊಂದೇ ಚುಕ್ಕಿ. ಅದನ್ನು ನೋಡಿದ ಮೇಲೆ ಆ ಪುಟ ತೆರೆಯುವುದನ್ನೇ ಬಿಟ್ಟೆ. ಹಿಂದೆ ಗೆಳೆಯ ಕಾಯಿಲೆ ಬಿದ್ದ ದಿನಗಳಲ್ಲಿಯೂ ಒಂಬತ್ತು ಗಂಟೆ ಖಾಲಿ ಇತ್ತು. ಆದರೆ ಆಗ ನಾನು ಕಾಯುತ್ತಿರಲಿಲ್ಲ. ಕಾದು ಖಾಲಿ ಇರುವುದು ಬೇರೆ.

ಪ್ರತಿದಿನ ಹತ್ತೂ ಐದಕ್ಕೆ ನರಗುಂದಕ್ಕೆ ಫೋನು ಮಾಡಿ ನನ್ನ ಪಟ್ಟಿಯಂತೆ ಕೇಳುತ್ತಿದ್ದೆ. ಗಡಿಯಾರ? "ಸರಿ ಐತ್ರಿ." ಕೇಬಲ್? "ಹಾಕೇತ್ರಿ." ತಂತಿ? "ಇನ್ನೂ ಐತ್ರಿ." ಆ 'ಇನ್ನೂ' ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು. ಅವನು ಕೂತಿದ್ದನೇ ಎಂದರೆ, "ಒಂಬತ್ತಕ್ಕ ಅಂದ್ರ ಒಂಬತ್ತಕ್ಕ ಕುಂದರ್ತಾರ್ರಿ. ಟೀವಿ ನೋಡಿದಂಗ ಅದನ್ನ ನೋಡ್ತಾರ. ಆಮ್ಯಾಲ ಎದ್ದು ಗ್ವಾಡಿ ಕಡೆ ಹೋಗಿಬಿಡ್ತಾರ್ರಿ." ಒಂದು ದಿನ ಅವಳು ನಾನು ಕೇಳದೆಯೇ ಹೇಳಿದಳು: "ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ಮೊದಲ ಸುಮ್ಮನ ಕುಂದರ್ತಿದ್ರು. ಈಗ ಅಳ್ತಾರ."

ಅಮಾವಾಸ್ಯೆಗೆ ನಾಲ್ಕು ದಿನವಿತ್ತು. ಮರುದಿನವೇ ಮೊದಲ ಬಸ್ಸಿಗೆ ಹೊರಟೆ. ಬಿಡಿ ಭಾಗ, ಮೀಟರು, ಬೆಸುಗೆಯ ಕಡ್ಡಿ, ನನ್ನ ದಿನಚರಿ ಪುಸ್ತಕ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡಿದ್ದೆ. ದೋಷ ಯಂತ್ರದಲ್ಲಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಗೆಳೆಯ ಮೇಜಿನ ಬಳಿಯೇ ಇದ್ದ. ನನ್ನನ್ನು ಕಂಡು ಮುಖ ತಿರುಗಿಸಿದ. ಕೇಬಲ್ ಪರೀಕ್ಷಿಸಿದೆ, ಸರಿ ಇತ್ತು. ಸೆಟ್ಟಿಗೆ ಮೀಟರು ಹಚ್ಚಿ ಗುಂಡಿ ಒತ್ತಿದೆ. ಸರಿಯಾಗಿ ಒಂದು ವ್ಯಾಟ್. ತಂತಿಯೂ ಸರಿ. ಇನ್ನೇನೂ ಉಳಿಯಲಿಲ್ಲವೆಂದು ಅವನ ದಿನಚರಿ ಪುಸ್ತಕ ತೆರೆದೆ.

ಮೊದಲ ಪುಟದಲ್ಲಿ ನಿಂತ ಗೆರೆಗಳಿದ್ದವು, ಸೊಟ್ಟಗೆ, ಆದರೆ ವೇಳಾಪಟ್ಟಿಗೆ ಸರಿಯಾಗಿ. ಮೂರು ದಿನ. ನಾಲ್ಕನೆಯ ದಿನದಿಂದ ಬರೀ ಸೊನ್ನೆಗಳು. ಒಂದು ದಿನಕ್ಕೆ ಮೂವತ್ತು ತುಂಡು, ಮೂವತ್ತು ಸೊನ್ನೆ, ಪುಟದ ಮೇಲೆ ಪುಟ.

ಅದನ್ನು ನೋಡಿ ನಾನು ನನ್ನ ಪುಸ್ತಕವನ್ನು ಚೀಲದಿಂದ ತೆಗೆದು ಪಕ್ಕಕ್ಕಿಟ್ಟೆ. ನನಗೆ ಆಗಲೇ ಗೊತ್ತಾಗಿತ್ತು. ನನ್ನದೂ ಮೊದಲ ಮೂರು ದಿನ ಗೆರೆ, ಆಮೇಲೆ ಸೊನ್ನೆ.

ನಮಗೆ ಕಲಿಸಿದ ಉಸ್ತಾದರ ನಿಯಮವೊಂದಿತ್ತು. ಮೂರು ಸಲ ಕರೆದರೂ ಉತ್ತರ ಬಾರದಿದ್ದರೆ ಕರೆಯುವುದನ್ನು ನಿಲ್ಲಿಸು, ಬಾಯಿ ಮುಚ್ಚಿ ಕಿವಿ ತೆರೆ. ಆ ಕಡೆಯವನು ಕಷ್ಟದಲ್ಲಿರಬಹುದು, ದಾರಿಯನ್ನು ಅವನಿಗೆ ಬಿಟ್ಟುಕೊಡು. ಇದನ್ನು ಮುರಿದವನಿಗೆ ಬಿಸಿಲಿನಲ್ಲಿ ಸೆಟ್ಟು ಹೊತ್ತು ಓಡುವ ಶಿಕ್ಷೆ. ಗಡಿಯಾರ ತಪ್ಪಿದ್ದ ಮೂರು ದಿನ ನಾವಿಬ್ಬರೂ ಕರೆದೆವು. ಉತ್ತರ ಬರಲಿಲ್ಲ. ನಾಲ್ಕನೆಯ ದಿನ ನಾನು, ಅವನ ಸಂಕೇತ ತಪ್ಪಿಹೋಗಬಾರದೆಂದು, ಕಳಿಸುವುದನ್ನು ನಿಲ್ಲಿಸಿ ಕೇಳುತ್ತ ಕುಳಿತೆ. ಅವನೂ ಅದನ್ನೇ ಮಾಡಿದ. ಗಡಿಯಾರ ಸರಿಹೋಗುವ ಹೊತ್ತಿಗೆ ಎರಡೂ ಕಡೆ ಮೌನವಿತ್ತು. ಎರಡು ವಾರ, ದಿನಕ್ಕೆ ಒಂದು ಗಂಟೆ, ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಕುಳಿತಿದ್ದೆವು. ನನ್ನ ಫೋನಿನ ಪಟ್ಟಿಯಲ್ಲಿ 'ಅವನು ಕಳಿಸುತ್ತಿದ್ದಾನೆಯೇ' ಎಂಬ ಪ್ರಶ್ನೆಯೇ ಇರಲಿಲ್ಲ. ಗೋಡೆಯ ಮೇಲೆ ವೇಳಾಪಟ್ಟಿ ಇದ್ದಮೇಲೆ ಅದನ್ನು ಕೇಳುವುದು ಅವನಿಗೆ ಅವಮಾನವೆಂದು ನಾನು ತಿಳಿದಿದ್ದೆ. ನಾನೇ ಅದನ್ನು ಪಾಲಿಸುತ್ತಿಲ್ಲವೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಎರಡೂ ಪುಸ್ತಕಗಳನ್ನು ಅವನ ಮುಂದೆ ಸರಿಸಿದೆ. ಅವನು ಬೆರಳಿನಿಂದ ಅವನ ಸೊನ್ನೆ, ನನ್ನ ಸೊನ್ನೆ, ಅವನ ಸೊನ್ನೆ, ನನ್ನ ಸೊನ್ನೆ ಎಂದು ಮುಟ್ಟುತ್ತ ಹೋದ. ಆಮೇಲೆ ಗಂಟಲಿನಿಂದ ಒಂದು ಸದ್ದು ಬಂತು. ಒಳಗಿನಿಂದ ಅವನ ಹೆಂಡತಿ ಹೆದರಿ ಓಡಿ ಬಂದಳು.

"ಏನಾತ್ರಿ?"

"ನಾವಿಬ್ರೂ ಶಾಣ್ಯಾರು, ತಂಗೆವ್ವ," ಎಂದೆ. "ಅದಕ್ಕ ನಗಾಕತ್ತಾನ."

ಹೊಸ ವೇಳಾಪಟ್ಟಿ ಬರೆಯಲು ನಾನು ಪೆನ್ನು ತೆಗೆದದ್ದು ನಿಜ. ಈ ಸಲ ನಿಯಮವನ್ನು ಇನ್ನೂ ಗಟ್ಟಿ ಮಾಡಬಹುದಿತ್ತು: ಏನೇ ಆದರೂ ಕಳಿಸು ಎಂದು. ಆದರೆ ಮತ್ತೊಂದು ದಿನ ಉತ್ತರ ಬಾರದಿದ್ದರೆ ನಾವಿಬ್ಬರೂ ಏನು ಮಾಡುತ್ತೇವೆಂದು ನನಗೆ ಗೊತ್ತಿತ್ತು. ನಲವತ್ತು ವರ್ಷ ಹಳೆಯ ಅಭ್ಯಾಸಕ್ಕೆ ಗೋಡೆಯ ಕಾಗದ ಅಡ್ಡ ನಿಲ್ಲುವುದಿಲ್ಲ. ಕೈಪಿಡಿ ತೆರೆದು, ನಾನೇ ಹೊಡೆದುಹಾಕಿದ್ದ ಸಾಲನ್ನು ಮತ್ತೆ ಓದಿದೆ. ದಾಳದ ಪಾಲನ್ನು ಸೊನ್ನೆಯಿಂದ ನೂರಕ್ಕೆ ಇಪ್ಪತ್ತೈದಕ್ಕೆ ಏರಿಸಿದೆ. ಗೋಡೆಯ ವೇಳಾಪಟ್ಟಿಯನ್ನು ಹರಿದು ತೆಗೆದೆ. ಯಾವಾಗ ಕರೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಇನ್ನು ನಾವಿಬ್ಬರೂ ಯೋಚಿಸಬೇಕಿರಲಿಲ್ಲ.

ಮರುದಿನ ಗಜೇಂದ್ರಗಡದಲ್ಲಿ ನನ್ನ ಯಂತ್ರಕ್ಕೂ ಇಪ್ಪತ್ತೈದನ್ನೇ ಹಾಕಿ ಒಂಬತ್ತಕ್ಕೆ ಕುಳಿತೆ. ಯಂತ್ರ ಎರಡು ಸಲ ಸುಮ್ಮನಿತ್ತು, ಒಂದು ಸಲ ಕಳಿಸಿತು, ಮತ್ತೆ ಸುಮ್ಮನಾಯಿತು. ನನ್ನ ಕೈಗೆ ಕೆಲಸವಿರಲಿಲ್ಲ. ಅದು ಅಭ್ಯಾಸವಿಲ್ಲದ ಸ್ಥಿತಿ. ಒಂಬತ್ತೂ ಹದಿನಾಲ್ಕರ ತುಂಡು ಮುಗಿದು ಪರದೆಯ ಮೇಲೆ ಒಂದು ಸಾಲು ಬಂತು. ಅವನ ಕರೆಗುರುತು. ನರಗುಂದದ ಸ್ಥಾನ. ಶಕ್ತಿಯ ಸಂಖ್ಯೆ ಮೂವತ್ತು. ಈ ಪದ್ಧತಿಯಲ್ಲಿ ಒಂದು ವ್ಯಾಟಿಗೆ ಮೂವತ್ತು ಎನ್ನುತ್ತಾರೆ. ಬಲ: ಗದ್ದಲಕ್ಕಿಂತ ಎಂಟು ಅಂಕ ಕೆಳಗೆ.

ದಿನಚರಿಯಲ್ಲಿ ಬರೆದುಕೊಳ್ಳುವಷ್ಟರಲ್ಲಿ ಫೋನು ಬಡಿಯಿತು.

"ಅಣ್ಣಾರ, ನೀವು ಬಂದೀರಿ. ಟೀವಿ ಮ್ಯಾಲ."

"ಅವ ಏನಂತಾನ?"

"ಏನಂತಾರ್ರಿ, ಚಾ ಆರಿಹೋತು, ಏಳವಲ್ರು. ತಂತಿ ಬಿಚ್ಚೋನಿಗೆ ಅಮಾಸಿಗೆ ಬರಬ್ಯಾಡ ಅಂತ ಹೇಳಿಕಳಸ್ಲಿ?"

ಹೇಳಿಕಳಿಸು ಎಂದೆ.

ಇದಾದ ಮೇಲೆ ಬರುವುದೆಲ್ಲ ಅದೇ ಒಂದು ಸಾಲು. ಅವನು ಹೇಗಿದ್ದಾನೆಂದು ಅದು ಹೇಳುವುದಿಲ್ಲ. ಮಳೆಯ ಸುದ್ದಿ ಇಲ್ಲ, ಮೊಣಕಾಲಿನ ಸುದ್ದಿ ಇಲ್ಲ. ಒಂಬತ್ತರಿಂದ ಹತ್ತರವರೆಗೆ ಆರೇಳು ಸಲ ಅವನಿದ್ದಾನೆ ಎಂದಷ್ಟೇ ತಿಳಿಯುತ್ತದೆ. ಹಳೆಯ ಅರ್ಧ ಗಂಟೆ ತಿರುಗಿ ಬಂತೆಂದು ನಾನು ಸುಳ್ಳು ಬರೆಯುವುದಿಲ್ಲ.

ಪ್ರಯೋಗವನ್ನು ಪ್ರಯೋಗದಂತೆ ಮುಂದುವರಿಸೋಣವೆಂದು ದೀಪಾವಳಿಯ ಹೊತ್ತಿಗೆ ರೋಣದ ಸಾಹೇಬರಿಂದ ಎರಡು ತಗಡಿನ ಡಬ್ಬಿ ಮಾಡಿಸಿದೆ. ಒಂದು ತಿರುಗುಗುಂಡಿ, ಒಂದೊಂದು ಮನೆ ತಿರುಗಿಸಿದರೂ ಶಕ್ತಿ ಇಳಿಯುತ್ತದೆ: ಅರ್ಧ ವ್ಯಾಟ್, ಅದರ ಕೆಳಗೆ ಇನ್ನೂ ನಾಲ್ಕು, ಕೊನೆಯದು ವ್ಯಾಟಿನ ನೂರರಲ್ಲೊಂದು ಪಾಲು. ಸಾಹೇಬರು, "ಇನ್ನ ಮುಂದ ಸೆಟ್ ಬಂದ್ ಮಾಡಿ ಕಳಸ್ರಿ, ಫೌಜಿ ಸಾಹೇಬ್ರ," ಎಂದರು. ಒಂದನ್ನು ನರಗುಂದಕ್ಕೆ ಒಯ್ದು ಜೋಡಿಸಿ, ಪ್ರತಿ ಮನೆಗೂ ಸಲ್ಲುವ ಸಂಖ್ಯೆಯನ್ನು ಡಬ್ಬಿಯ ಮೇಲೆ ಬರೆದೆ. ಗುಂಡಿ ತಿರುಗಿಸಿದರೆ ಕಂಪ್ಯೂಟರಿನಲ್ಲಿಯೂ ಆ ಸಂಖ್ಯೆಯನ್ನೇ ಹಾಕಬೇಕು, ಇಲ್ಲದಿದ್ದರೆ ದಾಖಲೆ ಸುಳ್ಳಾಗುತ್ತದೆ ಎಂದು ಹೇಳಿದೆ. ನಾನು ಬಂದಾಗ ತಿರುಗಿಸುತ್ತೇನೆ, ನೀನು ಮುಟ್ಟಬೇಡ ಎಂದೂ ಹೇಳಿದೆ. ಅಂಕಿಗಳು ಅವನಿಗೆ ಇನ್ನೂ ದಕ್ಕುತ್ತಿಲ್ಲವೆಂದು ಡಾಕ್ಟರು ಹೇಳಿದ್ದರು.

ಹತ್ತು ದಿನದ ಮೇಲೆ ಅವನ ಸಾಲಿನಲ್ಲಿ ಮೂವತ್ತರ ಬದಲು ಇಪ್ಪತ್ತೇಳು ಬಂತು. ನನಗೆ ಸಿಟ್ಟು ಬಂತು. ಏನೋ ಒತ್ತಿ ಕೆಡಿಸಿದ್ದಾನೆ ಎಂದುಕೊಂಡೆ. ಆಮೇಲೆ ಬಲದ ಕಾಲಮ್ಮಿಗೆ ಕಣ್ಣು ಹೋಯಿತು. ಗದ್ದಲಕ್ಕಿಂತ ಎಂಟು ಕೆಳಗಿದ್ದದ್ದು ಹನ್ನೊಂದು ಕೆಳಕ್ಕೆ ಇಳಿದಿತ್ತು. ಶಕ್ತಿಯ ಸಂಖ್ಯೆ ಮೂರು ಇಳಿದಿತ್ತು, ಬಲವೂ ಮೂರು. ಗುಂಡಿಯನ್ನೂ ತಿರುಗಿಸಿದ್ದ, ಅದಕ್ಕೆ ಸಲ್ಲುವ ಸಂಖ್ಯೆಯನ್ನೂ ಹಾಕಿದ್ದ. ವರದಿ ಸರಿಯಾಗಿತ್ತು.

ಎರಡು ದಿನ ಅವನು ಇಪ್ಪತ್ತೇಳರಲ್ಲೇ ನಿಂತ. ನಾನು ಏನು ಮಾಡುತ್ತೇನೆಂದು ನೋಡುತ್ತಿದ್ದಾನೆಂದು ತಡವಾಗಿ ಹೊಳೆಯಿತು. ನಾನೂ ಒಂದು ಮನೆ ಇಳಿಸಿದೆ. ಮಾರನೆಯ ದಿನ ಅವನು ಇಪ್ಪತ್ತಮೂರಕ್ಕೆ ಇಳಿದ. ಹಿಂಬಾಲಿಸಿದೆ. ಇಪ್ಪತ್ತು. ಹದಿಮೂರು. ಏರಿಳಿತವನ್ನು ಬಿಟ್ಟರೆ ಬಲ ಲೆಕ್ಕಕ್ಕೆ ಸರಿಯಾಗಿ ಕುಸಿಯುತ್ತಿತ್ತು.

ಅವನು ಕೊನೆಯ ಮನೆಗೆ ತಿರುಗಿಸಿದ ದಿನ ಇಡೀ ಗಂಟೆಯಲ್ಲಿ ಒಂದೇ ಒಂದು ಸಾಲು ಬಂತು: ಶಕ್ತಿ ಹತ್ತು, ಗದ್ದಲಕ್ಕಿಂತ ಇಪ್ಪತ್ತೆಂಟು ಕೆಳಗೆ. ಅದಕ್ಕಿಂತ ಕೆಳಗೆ ಈ ಯಂತ್ರಕ್ಕೆ ಹೆಚ್ಚು ಕೇಳುವುದಿಲ್ಲ. ನಾನೂ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಸಂಖ್ಯೆ ಬದಲಿಸಿ ಕಾದೆ. ನನ್ನ ಯಂತ್ರ ಮೂರು ಸಲ ಕಳಿಸಿತು. ಹತ್ತು ಗಂಟೆ ಹೊಡೆಯಿತು. ಹತ್ತೂ ಐದಕ್ಕೆ ನಾನು ಫೋನು ಮಾಡಲಿಲ್ಲ. ಅವಳೇ ಮಾಡಿದಳು.

"ಅಣ್ಣಾರ, ನೀವಿನ್ನೂ ಬಂದಿಲ್ಲ ಟೀವಿ ಮ್ಯಾಲ. ಕಾಲಿನ ವ್ಯಾಯಾಮದೋರು ಬಂದು ನಿಂತಾರ, ಇವ್ರು ತಡೀರಿ ಅಂತ ಕೈ ಮಾಡ್ತಾರ. ಏನ ಹೇಳ್ಲ್ರಿ?"

"ನಾನೂ ಕುಂತೀನಿ ಅಂತ ಹೇಳು."

"ಹತ್ತ ಆಗಿಹೋತಲ್ರಿ."

"ಆಗ್ಲಿ ಬಿಡು," ಎಂದೆ.